ಗೋಡೆಯ ಮೇಲಿನ ನನ್ನ ಮುಖಕ್ಕೆ ಹಾರ

ನಾನು ಜೀವಂತ ಇರುವಾಗಲೇ, ನನ್ನನ್ನು ಒಂದು ಮಾತೂ ಕೇಳದೆ, ನನ್ನ ಮುಖವನ್ನು ಕೊರಳಿಗೆ ಹಾರ ಹಾಕಿ ಗೋಕಾಕದ ಒಂದು ಗೋಡೆಯ ಮೇಲೆ ಬರೆದರು. ರಸ್ತೆಯಲ್ಲಿ ಹೋಗಿ ಬರುವವರೆಲ್ಲ ಅದನ್ನು ನೋಡಿ ನಾನು ತೀರಿಹೋದೆನೆಂದು ತಿಳಿದರು. ಹಾಗೆ ತಿಳಿದವರಲ್ಲಿ ನನ್ನ ಒಡಹುಟ್ಟಿದ ತಮ್ಮನೂ ಒಬ್ಬ. ಆ ಚಿತ್ರದ ಎದುರು ನಿಂತು ಅವನು ಏನು ನೋಡಿದ, ಏನು ತಿಳಿದ, ಯಾಕೆ ತಿರುಗಿ ಹೋದ ಎಂಬುದು ನನಗೆ ಇಂದಿಗೂ ಬಗೆಹರಿದಿಲ್ಲ. ಅನ್ಯಾಯವಾಯಿತು ಎಂಬುದರಲ್ಲಿ ಸಂಶಯವಿಲ್ಲ. ಅದನ್ನು ಯಾರ ಮೇಲೆ ಎಷ್ಟು ಹೊರಿಸಬೇಕು ಎಂಬುದರಲ್ಲಿಯೇ ಎಲ್ಲ ಗೊಂದಲ.

ಮೊದಲು ತಮ್ಮನ ವಿಷಯ ಹೇಳಬೇಕು. ಅವನು ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ನಮ್ಮ ಹೊಲ ನೋಡಿಕೊಂಡಿದ್ದವನು. ನಾನು ಹುಕ್ಕೇರಿಯ ಕೋರ್ಟಿನಲ್ಲಿ ಗುಮಾಸ್ತನಾಗಿ ಸೇರಿ, ಗೋಕಾಕದಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನು. ಅವನ ಹಿರಿಯ ಮಗಳ ಲಗ್ನಪತ್ರಿಕೆಯಲ್ಲಿ ಸ್ವಾಗತ ಕೋರುವವರ ಸಾಲಿನಲ್ಲಿ ನನ್ನ ಹೆಸರು ಅವನ ಹೆಂಡತಿಯ ಅಣ್ಣತಮ್ಮಂದಿರ ಹೆಸರುಗಳ ಕೆಳಗೆ ಅಚ್ಚಾಗಿತ್ತು. ನಮ್ಮ ಕಡೆಯ ಜೈನ ಮನೆತನಗಳಲ್ಲಿ ದೊಡ್ಡಪ್ಪನ ಹೆಸರು ಎಲ್ಲಿ ಬರಬೇಕೆಂಬುದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ಕೇಳಿದ್ದಕ್ಕೆ ತಮ್ಮ, "ಪ್ರೆಸ್ಸಿನಾಂವ ಹಂಗ ಜೋಡಿಸ್ಯಾನ ಅಣ್ಣಾ, ಅದಕ್ಕ ನಾ ಏನ ಮಾಡ್ಲಿ?" ಎಂದ. ಅಚ್ಚಿಗೆ ಮುಂಚೆ ಕರಡು ತೋರಿಸದೆ ಯಾವ ಪ್ರೆಸ್ಸಿನವನೂ ಪತ್ರಿಕೆ ಮುದ್ರಿಸುವುದಿಲ್ಲವೆಂಬುದು ನನಗೆ ಗೊತ್ತಿತ್ತು. ನಾನು ಮದುವೆಗೆ ಹೋಗಲಿಲ್ಲ. ಅವನು ಕರೆಯಲು ಎರಡನೆಯ ಸಲ ಬರಲಿಲ್ಲ. ಅಂದಿನಿಂದ ನಮ್ಮ ನಡುವೆ ಮಾತು ನಿಂತಿತ್ತು. ಯಾರಾದರೊಬ್ಬರು ಒಂದು ಹೆಜ್ಜೆ ಮುಂದೆ ಇಟ್ಟಿದ್ದರೆ ಸರಿಹೋಗುತ್ತಿತ್ತು. ಆ ಹೆಜ್ಜೆ ಅವನದಾಗಬೇಕಿತ್ತು.

ಇನ್ನು ಗೋಡೆಯ ವಿಷಯ. ನಮ್ಮ ಮನೆಯ ಎದುರು, ರಸ್ತೆಯ ಆಚೆ, ಮುಚ್ಚಿಹೋದ ಒಂದು ಹತ್ತಿ ಜಿನ್ನಿಂಗ್ ಕಾರ್ಖಾನೆ ಇತ್ತು. ಹತ್ತಿ ಹರಡಿ ಒಣಗಿಸಲು ಮಾಡಿದ ದೊಡ್ಡ ಕಾಂಕ್ರೀಟ್ ಅಂಗಳ, ಅದರ ತುದಿಗೆ ಹತ್ತಿ ತುಂಬಿದ ಅಂಡಿಗೆಗಳನ್ನು ಲಾರಿಗೆ ಏರಿಸಲು ಕಟ್ಟಿದ ಇಳಿಜಾರು, ಮೂರು ಕಡೆ ಎತ್ತರದ ಗೋಡೆ. ರಸ್ತೆಯ ಕಡೆಯ ಗೋಡೆ ಎಂದೋ ಬಿದ್ದುಹೋಗಿತ್ತು. ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ, ಬೆಳಗಾವಿಯಲ್ಲಿ ಸ್ಕೇಟಿಂಗ್ ಕಲಿತ ಕೆಲವು ಹುಡುಗರು ಚಕ್ರದ ಬೂಟು ಕಟ್ಟಿಕೊಂಡು ಅಲ್ಲಿಗೆ ಬರತೊಡಗಿದರು. ಅವರನ್ನು ನೋಡಿ ಇನ್ನಷ್ಟು ಜನ ಬಂದರು. ವರ್ಷ ತುಂಬುವುದರೊಳಗೆ ಊರವರು ಅದನ್ನು ಸ್ಕೇಟಿಂಗ್ ಅಂಗಳ ಎಂದೇ ಕರೆದರು.

ಗೋಡೆಗಳ ಮೇಲೆ ಅದುವರೆಗೆ ಇದ್ದದ್ದು ಸಿಮೆಂಟ್, ಪಂಪ್‌ಸೆಟ್ಟು, ಬನಿಯನ್ನುಗಳ ಜಾಹೀರಾತು, ಮತ್ತು ಚುನಾವಣೆಗೆ ಮೊದಲೇ ಗೋಡೆ ಹಿಡಿದಿಡುವ ಪಕ್ಷದವರ ಸುಣ್ಣದ ಗುರುತು. ಹುಡುಗರು ಇವೆಲ್ಲದರ ಮೇಲೆ ತಮ್ಮ ಚಿತ್ರಗಳನ್ನು ಬರೆದರು. ಗ್ಯಾರೇಜಿನಲ್ಲಿ ಕಾರಿನ ಗೀರು ಮುಚ್ಚಲು ಬಳಸುವ ಸ್ಪ್ರೇ ಡಬ್ಬಿ, ಮನೆಗೆ ಬಳಿದು ಉಳಿದ ಡಿಸ್ಟೆಂಪರ್, ಕಬ್ಬಿಣಕ್ಕೆ ಹಚ್ಚುವ ಕೆಂಪು ಪ್ರೈಮರ್, ಕೈಗೆ ಸಿಕ್ಕದ್ದೆಲ್ಲ ಬಣ್ಣವೇ. ರೆಕ್ಕೆ ಬಂದ ಬೂಟು ಒಂದು. ಗೋಕಾಕ ಫಾಲ್ಸಿನ ನೀರಿನ ಮೇಲೆ ಸ್ಕೇಟು ಕಟ್ಟಿಕೊಂಡು ಇಳಿಯುತ್ತಿರುವ ಮನುಷ್ಯನೊಬ್ಬ. ಇನ್ನೊಂದು ಕಡೆ ಊದಿಕೊಂಡಂತಿದ್ದ ದಪ್ಪ ಅಕ್ಷರಗಳು, ಒಂದರ ಹೊಟ್ಟೆಯೊಳಗೆ ಇನ್ನೊಂದು. ಪ್ರತಿದಿನ ಬೆಳಿಗ್ಗೆ ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ನಾನು ಅವುಗಳನ್ನು ಓದಲು ಯತ್ನಿಸುತ್ತಿದ್ದೆ. ಎಂತೆಂಥ ಕೈಬರಹದ ಅರ್ಜಿಗಳನ್ನು ಓದಿದವನು ನಾನು. ಆದರೂ ಅದು ಕನ್ನಡವೋ ಇಂಗ್ಲಿಷೋ ಎಂಬುದೇ ನನಗೆ ತಿಳಿಯಲಿಲ್ಲ. ಹುಡುಗರನ್ನು ಕೇಳಿದರೆ, "ಓದೂದಲ್ರಿ ಕಾಕಾ, ನೋಡೂದು" ಎಂದರು. ಅಕ್ಷರ ಬರೆದು ಓದಬೇಡ ಎನ್ನುವವರ ಉದ್ದೇಶವೇನು?

ಒಂದು ಸಂಜೆ ಇಬ್ಬರು ಹುಡುಗರು ಎದುರುಬದುರು ಬಂದು ಢಿಕ್ಕಿ ಹೊಡೆದು ಒಬ್ಬನ ಹುಬ್ಬು ಒಡೆಯಿತು. ನಾನು ರಸ್ತೆ ದಾಟಿ ಒಳಗೆ ಹೋದೆ. ಆ ಗುಂಪಿನಲ್ಲಿ ಮುಂದಾಳಿನಂತಿದ್ದವನು ಕಾಲೇಜಿಗೆ ಹೋಗುವ ಒಬ್ಬ ಉದ್ದನೆಯ ತರುಣ.

"ಯಾರ ಅಪ್ಪನ ಅಂಗಳ ಇದು?" ಎಂದೆ.

"ಯಾರದೂ ಅಲ್ರಿ ಕಾಕಾ. ನಿಮ್ಮದೂ ಅಲ್ಲ."

ಉಳಿದವರು ನಕ್ಕರು. ಆ ನಗು ನನಗೆ ನೆನಪಿದೆ.

"ಹಿಂಗ ಎದುರಾಬದುರಾ ಓಡಿದ್ರ ನಾಳೆ ಒಬ್ಬನ ತಲಿ ಒಡೀತೈತಿ. ಸಾಕ್ಷಿ ಹೇಳಾಕ ನಾ ಬರಬೇಕೇನು?"

"ಮತ್ತ ಹ್ಯಾಂಗ ಓಡಬೇಕು, ನೀವ ಹೇಳ್ರಿ."

"ಬಸದಿಯೊಳಗ ಪ್ರದಕ್ಷಿಣಿ ಹ್ಯಾಂಗ ಹಾಕ್ತೀರಿ? ಎಲ್ಲಾರೂ ಒಂದ ಕಡೆ. ಹಂಗ ಸುತ್ತ ಹೊಡೀರಿ. ಈ ತಿರುವಿನ್ಯಾಗ ಎಲ್ಲಾರೂ ಬಲಕ್ಕ ಹೊಳ್ಳಬೇಕು."

"ಹಂಗಾರ ನಡುವ ದೇವರಂತ ಯಾರನ್ನ ಕುಂಡ್ರಸೋಣ್ರಿ? ನೀವ ಬರ್ತೀರೇನು?"

ಉದ್ಧಟತನಕ್ಕೆ ಉತ್ತರ ಕೊಡುವುದು ನನ್ನ ಪದ್ಧತಿಯಲ್ಲ. ಆದರೆ ಮರುದಿನದಿಂದ ಅವರೆಲ್ಲ ಒಂದೇ ದಿಕ್ಕಿಗೆ ಸುತ್ತತೊಡಗಿದರು. ಢಿಕ್ಕಿಗಳು ನಿಂತವು. ಯಾರೂ ಬಂದು, ನಿಮ್ಮ ಮಾತಿನಿಂದ ಒಳ್ಳೆಯದಾಯಿತು ಎಂದು ಹೇಳಲಿಲ್ಲ. ಆದರೂ ನಾನು ಸಂಜೆ ಆ ತಿರುವಿನ ಹತ್ತಿರ ಹೋಗಿ ನಿಂತು, ತಪ್ಪು ದಿಕ್ಕಿನಿಂದ ಬಂದವರಿಗೆ ಕೈ ಎತ್ತಿ ತೋರಿಸುವುದನ್ನು ರೂಢಿ ಮಾಡಿಕೊಂಡೆ.

ಮರುವರ್ಷ ನಾನೂ ನನ್ನ ಹೆಂಡತಿಯೂ ಹಿಡಕಲ್ಲಿಗೆ ಹೋಗಿದ್ದೆವು. ಅಲ್ಲಿ ನಮ್ಮ ಅಳಿಯ ಅಣೆಕಟ್ಟಿನ ನೀರಾವರಿ ಕಚೇರಿಯಲ್ಲಿದ್ದ. ಕೆಲವು ದಿನ ಮಗಳ ಮನೆಯಲ್ಲಿದ್ದು ಹಿಂದಿರುಗಿ ಬಸ್ಸಿನಿಂದ ಇಳಿದಾಗ, ಅಂಗಳದ ತಿರುವಿನಲ್ಲಿ, ರಸ್ತೆಗೆ ತೀರ ಸಮೀಪದ ಗೋಡೆಯ ಮೇಲೆ ಆಳೆತ್ತರದ ಚಿತ್ರವೊಂದು ನನ್ನನ್ನು ನೋಡುತ್ತಿತ್ತು. ಮೊದಲು ಯಾವುದೋ ಪುಢಾರಿ ಎಂದುಕೊಂಡೆ. ನಂತರ ಕನ್ನಡಕದ ಕಡ್ಡಿಗೆ ಸುತ್ತಿದ ಕಪ್ಪು ದಾರ ಕಂಡಿತು. ಅದು ನನ್ನ ಕನ್ನಡಕ. ಬಿಳಿ ಟೊಪ್ಪಿಗೆ ನನ್ನದು, ಅಂಗೈ ತೋರಿಸಿ ಎತ್ತಿದ ಬಲಗೈ ನನ್ನದು. ಕಿವಿಗಳು ನನ್ನವಲ್ಲ; ಅಷ್ಟು ದೊಡ್ಡ ಕಿವಿ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ. ಕೊರಳಲ್ಲಿ ಹೊಕ್ಕುಳವರೆಗೆ ಇಳಿದ ಹೂವಿನ ಹಾರ.

ಹೆಂಡತಿ ಚೀಲ ಕೆಳಗಿಟ್ಟು ಬಹಳ ಹೊತ್ತು ನೋಡಿದಳು. "ಮೂಗು ಖರೆ ಬಂದೈತಿ ನೋಡ್ರಿ" ಎಂದಳು.

"ಹಾರ ಕಾಣ್ಸವಲ್ದೇನು ನಿನಗ?"

"ಸತ್ಕಾರ ಮಾಡ್ಯಾರೇನೋ."

ನಮ್ಮ ಭಾಗದಲ್ಲಿ ಮನುಷ್ಯನಿಗೆ ಹಾರ ಹಾಕಿದರೆ ಸತ್ಕಾರ. ಮನುಷ್ಯನ ಚಿತ್ರಕ್ಕೆ ಹಾರ ಹಾಕಿದರೆ ಏನೆಂಬುದು ಎಲ್ಲರಿಗೂ ಗೊತ್ತು. ಇಲ್ಲಿ ನಿಜವಾದ ಹಾರವನ್ನು ಚಿತ್ರಕ್ಕೆ ಹಾಕಿರಲಿಲ್ಲ. ಹಾರ ಹಾಕಿಕೊಂಡ ಮನುಷ್ಯನನ್ನು ಬರೆದಿದ್ದರೋ, ಬರೆದ ಮನುಷ್ಯನಿಗೆ ಹಾರವನ್ನೂ ಬರೆದಿದ್ದರೋ? ಗೌರವವೋ, ಕುಚೇಷ್ಟೆಯೋ, ಶಾಪವೋ? ಗೋಡೆಗೆ ಜಾಹೀರಾತು ಬರೆಯುವವನೂ ಕೆಳಗೆ ತನ್ನ ಹೆಸರು ಹಾಕುತ್ತಾನೆ. ಇದರ ಕೆಳಗೆ ಏನೂ ಇರಲಿಲ್ಲ.

ಎರಡು ದಿನದಲ್ಲಿ ತುಕ್ಕಾನಟ್ಟಿಯ ರೈತರೊಬ್ಬರು ಬಂದರು. ಅವರ ವ್ಯಾಜ್ಯ ನಮ್ಮ ಕೋರ್ಟಿನಲ್ಲಿ ಬಹುಕಾಲ ನಡೆದಿದ್ದರಿಂದ ಪರಿಚಯ. ಪತ್ರಿಕೆಯನ್ನು ಎರಡೂ ಕೈಗಳಿಂದ ಅಗಲಕ್ಕೆ ಬಿಚ್ಚಿ ಮುಖದ ಮುಂದೆ ಹಿಡಿದು ಓದುವುದು ನನ್ನ ಅಭ್ಯಾಸ. ನಾನು ಹಾಗೆ ಕುಳಿತಿರುವಾಗಲೇ ಅವರು ಬಾಗಿಲಲ್ಲಿದ್ದ ನನ್ನ ಹೆಂಡತಿಯನ್ನು, "ಬಾಯಾರ, ಹ್ಯಾಂಗಾತ್ರಿ?" ಎಂದು ದನಿ ತಗ್ಗಿಸಿ ಕೇಳಿದರು.

"ಏನ ಹ್ಯಾಂಗಾತು?"

"ಸಾಹೇಬ್ರದ್ರಿ. ಚಲೋ ಇದ್ರು ಪಾಪ. ಸ್ವಲ್ಪ ಬಾಯಿ ಜೋರು."

ನಾನು ಪತ್ರಿಕೆ ಇಳಿಸಿದೆ.

"ಅಯ್ಯಯ್ಯ! ಇಲ್ಲೇ ಅದೀರಲ್ರಿ!"

"ಮತ್ತೆಲ್ಲಿ ಇರಬೇಕಿತ್ತು?"

"ಗ್ವಾಡಿ ಮ್ಯಾಗ ನೋಡಿದ್ನಿರಿ, ಹಾರ ಗೀರ ಎಲ್ಲಾ... ಇರ್ಲಿ, ಬಂದದ್ದು ಬಂದೇನಿ, ಚಾ ಕುಡದ ಹೊಕ್ಕೇನಿ" ಎಂದು ಕುಳಿತರು. ಬಾಯಿ ಜೋರು ಎಂದದ್ದನ್ನು ಅವರು ಹಿಂತೆಗೆದುಕೊಳ್ಳಲಿಲ್ಲ.

ಅದೇ ವಾರ, ಒಂದು ಬೆಳಿಗ್ಗೆ ಪತ್ರಿಕೆ ಓದಿ ಮಡಿಸಿ ಎದುರು ನೋಡುತ್ತೇನೆ, ಚಿತ್ರದ ಕೊರಳಿನ ಮೇಲೆ ನಿಜವಾದ ಹಾರ ತೂಗುತ್ತಿದೆ. ಚೆಂಡು ಹೂವಿನ ತಾಜಾ ಹಾರ. ಚಿತ್ರ ಬರೆಯುವಾಗ ದಾರ ಕಟ್ಟಲು ಹೊಡೆದ ಮೊಳೆಗೆ ಅದನ್ನು ಹಾಕಿದ್ದರು. ನಾನು ರಸ್ತೆ ದಾಟಿ ಹೋಗಿ ಹಾರವನ್ನು ಎಳೆದು, ಹರಿದು ಗಟಾರಕ್ಕೆ ಎಸೆದೆ. "ಯಾವ ನಾಲಾಯಕ ಹಾಕಿದ್ದು ಇದನ್ನ? ನಾ ಯಾವಾಗ ಸಾಯ್ತೇನಂತ ಕಾಯಾಕತ್ತಾನೇನು?" ಎಂದು ಅಲ್ಲಿದ್ದವರಿಗೆಲ್ಲ ಕೇಳುವಂತೆ ಅಂದೆ. ಅಂಗಳದ ಹಿಂಬದಿಯಲ್ಲಿ ನಿಚ್ಚಣಿಕೆಯ ಮೇಲೆ ನಿಂತು ಬಣ್ಣ ಬಳಿಯುತ್ತಿದ್ದವನೊಬ್ಬ ತಿರುಗಿ ನೋಡಿದ. ಜಾಹೀರಾತು ಬರೆಯುವವನಿರಬೇಕೆಂದು ಅವನನ್ನು ವಿಚಾರಿಸಲಿಲ್ಲ. ರಸ್ತೆಯಲ್ಲಿ ಬಸ್ಸೊಂದು ನಿಂತಿತ್ತು. ಅದರೊಳಗಿನವರೂ ಇಣುಕಿ ನೋಡಿದರು.

ಸಂಜೆ ಹುಡುಗರು ಬಂದಾಗ ಆ ಉದ್ದನೆಯ ತರುಣನನ್ನು ನಿಲ್ಲಿಸಿ ಕೇಳಿದೆ. ಅವನ ಮುಖದಲ್ಲಿ ಭಯವೂ ಇರಲಿಲ್ಲ, ನಗುವೂ ಇರಲಿಲ್ಲ. ಅದೂ ನನಗೆ ಅರ್ಥವಾಗಲಿಲ್ಲ.

"ಅದು ನಮ್ಮ ಸಿಗ್ನಲ್ ರಿ ಕಾಕಾ. ನೀವು ಊರಿಗೆ ಹೋದ್ರಿ, ಹೊಸಾ ಹುಡುಗೂರು ಮತ್ತ ಉಲ್ಟಾ ಬರಾಕತ್ರು. ಅದಕ್ಕ ನಿಮ್ಮ ಕೈ ಬರದ್ವಿ. ಬರೇ ಕೈ ಬರದ್ರ ಅದ್ಯಾವುದೋ ಪಕ್ಷದ ಗುರ್ತು ಅಂತ ಜಗಳಾ ಬಂತು. ಅದಕ್ಕ ಮಾರೀನೂ ಬರದ್ವಿ."

"ಹಾರ?"

"ಹಾರ ನಮ್ಮದಲ್ರಿ. ನಮಗ ಮಾರಿ ಬರಾಕ ಬರಲಿಲ್ಲ, ಅದಕ್ಕ ಮೂಡಲಗಿಯಿಂದ ಪೇಂಟರ್ ಮಾವನ್ನ ಕರಸಿದ್ವಿ. ಹಾರ ಅವಂದು."

"ಇವತ್ತಿನ ಹೂವಿಂದು?"

"ಅದು ಯಾರದಂತ ದೇವರಾಣೆ ಗೊತ್ತಿಲ್ರಿ."

ಅವನು ಸುಳ್ಳು ಹೇಳುತ್ತಿದ್ದಾನೆಂದೇ ನಾನು ಭಾವಿಸಿದೆ. ಮರುದಿನ ಮೂಡಲಗಿಯ ಬಸ್ಸು ಹತ್ತಿದೆ. ಪೇಂಟರನ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲಿಗೆ ಟ್ರ್ಯಾಕ್ಟರಿನ ನಂಬರ್ ಪ್ಲೇಟುಗಳು, ಒಳಗೆ ಗೋಡೆಗೆ ಒರಗಿಸಿದ ಹಿರಿಯರ ಮುಖಗಳು. ಎಲ್ಲ ಮುಖಗಳಿಗೂ ಹಾರ. ಬಣ್ಣದ ಕೈ ಒರೆಸಿಕೊಳ್ಳುತ್ತ ಎದ್ದವನು, ಅಂದು ನಿಚ್ಚಣಿಕೆಯ ಮೇಲೆ ನಿಂತಿದ್ದವನೇ.

"ಬರ್ರಿ ಸಾಹೇಬ್ರ. ಕಿವಿ ಸ್ವಲ್ಪ ದೊಡ್ಡದಾದ್ವು, ನನಗೂ ಗೊತ್ತೈತ್ರಿ."

"ನಾನು ಸತ್ತೇನೇನು?"

"ಛೇ, ಬಿಡ್ತು ಅನ್ರಿ."

"ಮತ್ತ ಹಾರ ಯಾಕ ಬರದಿ?"

ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಂತಿತ್ತು. "ಮಾರಿ ಬರದ ಮ್ಯಾಲ ಹಾರ ಬರೀದ ಹ್ಯಾಂಗ ಬಿಡೂದ್ರಿ? ಕೈ ತಾನ ಇಳೀತೈತಿ. ಆದ್ರೂ ನಾ ವಿಚಾರ ಮಾಡೇನ್ರಿ. ಹೋದವರಿಗೆ ಗಂಧದ ಚಕ್ಕೀ ಹಾರ, ಇದ್ದವರಿಗೆ ಗುಲಾಬಿ. ನಿಮಗ ಗುಲಾಬಿ ಹಾಕೇನಿ, ಹತ್ರ ಹೋಗಿ ನೋಡ್ರಿ."

"ಬಸ್ಸಿನ್ಯಾಗ ಹೋಗಾವ್ರು ಇಳದು ಹತ್ರ ಬಂದು ನೋಡ್ತಾರೇನು, ಗುಲಾಬಿಯೋ ಗಂಧವೋ ಅಂತ?"

"ಅದು ಖರೆ ಐತ್ರಿ" ಎಂದು ಅವನು ತಲೆ ಕೆರೆದುಕೊಂಡ. ಆಮೇಲೆ, ಕೇಳದೆಯೇ ಹೇಳಿದ: "ನಿನ್ನಿ ಹೂವಿನ ಹಾರ ಹಾಕಿದ್ದು ನಮ್ಮ ಹುಡುಗೂರಲ್ರಿ. ತಲಿಗೆ ರುಮಾಲು ಸುತ್ತಿದ ಹಿರ್ಯಾರೊಬ್ರು ಬಸ್ಸಿಳದು ಬಂದ್ರು. ಮೂಗು ಥೇಟ್ ನಿಮ್ಮದ. ಚಪ್ಪಲಿ ಬಿಟ್ಟು, ಹಾರ ಹಾಕಿ, ಕೈ ಮುಗದು ಬಾಳ ಹೊತ್ತು ನಿಂತಿದ್ರು."

ನಮ್ಮ ಮೂಗು ಹೊತ್ತು ರುಮಾಲು ಸುತ್ತುವವನು ಜಗತ್ತಿನಲ್ಲಿ ಒಬ್ಬನೇ.

"ಮುಂದ?"

"ಮುಂದ ಹೊಳ್ಳಿ ನಿಮ್ಮ ಮನಿ ಕಡೆ ನೋಡಿದ್ರು. ರಸ್ತಾದ ತನಕಾ ಹೋದ್ರು. ಅಲ್ಲೇ ನಿಂತ್ರು."

"ನಾ ಕಟ್ಟೀ ಮ್ಯಾಲ ಇದ್ನೆಲ್ಲೋ?"

"ಇದ್ರಿ. ಪೇಪರ್ ಹಿಡ್ಕೊಂಡಿದ್ರಿ. ನಿಮ್ಮ ಮಾರಿ ನನಗೂ ಕಾಣಲಿಲ್ಲ, ಕೈಯಷ್ಟ ಕಾಣ್ತಿದ್ವು. ಆಮ್ಯಾಲ ನೀವ ಬಂದು ಹಾರ ಹರದ ಒಗದ್ರಿ."

"ಆಗ ಅವರು ಎಲ್ಲಿದ್ರು?"

"ಬಸ್ಸು ಬಂದಿತ್ತಲ್ರಿ. ಹತ್ತಿದ್ರೋ, ಅದರ ಆ ಬಾಜೂ ನಿಂತಿದ್ರೋ, ನಾ ನೋಡ್ಲಿಲ್ರಿ."

"ಇದನ್ನ ಅವಾಗ ಯಾಕ ಹೇಳ್ಲಿಲ್ಲ?"

"ನೀವು ಹೇಳಾಕ ಎಲ್ಲಿ ಬಿಟ್ರಿ?"

ಹಿಂದಿರುಗುವ ಬಸ್ಸಿನಲ್ಲಿ ನಾನು ಆ ಬೆಳಗನ್ನು ತುಂಡು ತುಂಡಾಗಿ ಜೋಡಿಸಿ ನೋಡಿದೆ. ಅವನು ತಿರುಗಿದಾಗ ನನ್ನ ಕೈಗಳನ್ನು ಕಂಡಿರಬೇಕು. ಚಿಕ್ಕಂದಿನಲ್ಲಿ ಅವನನ್ನು ಹೊಳೆ ದಾಟಿಸಿದ ಕೈಗಳು ಅವು; ಗುರುತು ಸಿಗದೆ ಇರುವುದಿಲ್ಲ. ಗುರುತು ಸಿಕ್ಕಿದ್ದರೆ ರಸ್ತೆಯ ಅಂಚಿನಲ್ಲಿ ನಿಂತದ್ದೇಕೆ? ಸಿಗದಿದ್ದರೆ, ಸತ್ತವನ ಮನೆಯ ಎದುರಿನ ತನಕ ಬಂದು ಅವನ ಹೆಂಡತಿಯನ್ನು ಮಾತನಾಡಿಸದೆ ಹೋದದ್ದೇಕೆ? ನಾನು ಕೂಗಿದ್ದು ಅವನಿಗೆ ಕೇಳಿಸಿತ್ತೇ? ಕೇಳಿಸಿದ್ದರೂ, ಆ ಮಾತು ಯಾರೆಂದು ತಿಳಿಯದವನಿಗೆ ಆಡಿದ್ದು. ತನಗೇ ಆಡಿದ್ದೆಂದು ತಿಳಿದವನು ಬಂದು ಕೇಳಬೇಕಾಗಿತ್ತು.

ಮನೆಗೆ ಬಂದು ಹೇಳಿದಾಗ ಹೆಂಡತಿ ಅತ್ತಳು. "ನಾಳೆ ಘೋಡಗೇರಿಗೆ ಹೋಗಿ ಬರ್ರಿ. ನಿಮ್ಮ ತಮ್ಮ ನಿಮ್ಮ ಸಲುವಾಗಿ ಹೂ ತಂದಿದ್ದ" ಎಂದಳು.

"ಹೂ ನನ್ನ ಸಲುವಾಗಿ ತಂದಿದ್ದಲ್ಲ. ಹೆಣದ ಸಲುವಾಗಿ ತಂದಿದ್ದು."

"ಎರಡೂ ನೀವ ಅಲ್ಲೇನ್ರಿ?"

ನಾನು ಘೋಡಗೇರಿಗೆ ಹೋಗಲಿಲ್ಲ. ಆದರೆ ಹದಿನೈದು ದಿನ ಕಳೆದ ಮೇಲೆ ಹುಕ್ಕೇರಿಗೆ ಹೋದೆ. ಅಲ್ಲಿಯ ಕೋರ್ಟಿನ ಆವರಣದಲ್ಲಿ ನಮ್ಮೂರಿನವನೊಬ್ಬ ಸ್ಟಾಂಪ್ ಕಾಗದ ಮಾರುತ್ತಿದ್ದ. ತಮ್ಮನ ಮನೆಯ ಪಕ್ಕದ ಮನೆ ಅವನದು. ನನ್ನನ್ನು ನೋಡಿ ಅವನು ಎದ್ದು ನಿಂತು, ನನ್ನ ತೋಳನ್ನು ಮುಟ್ಟಿ ನೋಡಿ, ನಂತರ ಮಾತನಾಡಿದ.

"ನಿಮ್ಮ ಸುದ್ದಿ ಸಂತಿಗೆ ಹೋದಾವ್ರು ತಂದ್ರು ನೋಡ್ರಿ. ಕೇಳಿದ ಕೂಡ್ಲೆ ನಿಮ್ಮ ತಮ್ಮ ಬಾವಿಗೆ ಹೋಗಿ ತಲೀ ಮ್ಯಾಲ ನೀರ ಹಾಕ್ಕೊಂಡ. ಮನ್ಯಾವ್ರಿಗೆಲ್ಲಾ ಜಳಕಾ ಮಾಡಿಸಿದ. ಒಲಿ ಹಚ್ಚಲಿಲ್ಲ. ಮರುದಿನ ಮುಂಜಾನಿ ಬಸ್ಸಿಗೆ ಹೋದ."

ಹತ್ತಿರದ ರಕ್ತಸಂಬಂಧಿ ತೀರಿಕೊಂಡ ಸುದ್ದಿ ಬಂದರೆ ತಲೆಯ ಮೇಲಿಂದ ಸ್ನಾನ ಮಾಡಿ ಸೂತಕ ಹಿಡಿಯುವುದು ನಮ್ಮಲ್ಲಿಯ ಪದ್ಧತಿ. ಸಾವಿನ ಮನೆಗೆ ಹೋಗಿ ಬಂದವರು ಮತ್ತೆ ಸ್ನಾನ ಮಾಡದೆ ಒಳಗೆ ಕಾಲಿಡುವುದಿಲ್ಲ. ಆದ್ದರಿಂದ ನಾನು ಮುಖ್ಯವಾದ ಪ್ರಶ್ನೆಯನ್ನೇ ಕೇಳಿದೆ: "ಗೋಕಾಕದಿಂದ ಹೊಳ್ಳಿ ಬಂದ ಮ್ಯಾಲ ಮತ್ತ ಜಳಕಾ ಮಾಡಿದ್ನೇನು?"

ಅವನು ಯೋಚಿಸಿದ. "ಇಲ್ರಿ. ಸೀದಾ ಒಳಗ ಹೋದ. ಊಟಕ್ಕ ಕುಂತ. ನಾ ಹಿತ್ಲಾಗ ಇದ್ನಿ, ನೋಡೇನಿ."

ಹಾಗಾದರೆ ನಾನು ಬದುಕಿದ್ದೇನೆಂದು ಅವನಿಗೆ ತಿಳಿದಿತ್ತು. ಪ್ರಕರಣ ಮುಗಿಯಿತೆಂದುಕೊಂಡೆ. ಅಷ್ಟರಲ್ಲಿ ಅವನೇ ಮುಂದುವರಿಸಿದ: "ಆದ್ರ ಸೂತಕಾ ಬಿಡ್ಲಿಲ್ರಿ. ಅಷ್ಟೂ ದಿನ ಬಸದಿಗೆ ಹೋಗ್ಲಿಲ್ಲ, ಮನ್ಯಾಗ ಸಿಹಿ ಮಾಡ್ಲಿಲ್ಲ. ಯಾರರ ಕೇಳಿದ್ರ ಸುಮ್ನ ಕೂತಿರ್ತಿದ್ದ. ನೀವು ಅದೀರಿ ಅಂತ ನಮಗೆಲ್ಲಾ ಆಮ್ಯಾಲ ಬ್ಯಾರೆಯವ್ರಿಂದ ಗೊತ್ತಾತು."

ನಾನು ಎಷ್ಟೋ ಸಾಕ್ಷಿಗಳ ಹೇಳಿಕೆಗಳನ್ನು ಕೇಳಿದವನು. ಒಬ್ಬನೇ ಮನುಷ್ಯ ಸ್ನಾನ ಬಿಟ್ಟು ನಾನು ಇದ್ದೇನೆಂದೂ, ಸೂತಕ ಹಿಡಿದು ನಾನು ಇಲ್ಲವೆಂದೂ ಸಾಕ್ಷಿ ಹೇಳಿದ್ದನ್ನು ಮಾತ್ರ ಎಲ್ಲಿಯೂ ಕೇಳಿರಲಿಲ್ಲ. ಮರೆತು ಸ್ನಾನ ಬಿಟ್ಟನೇ? ಬದುಕಿದ್ದೇನೆಂದು ತಿಳಿದೂ ನನ್ನನ್ನು ಸತ್ತವರಲ್ಲಿ ಸೇರಿಸಿದನೇ? ನಾನು ಹಾರ ಹರಿದದ್ದನ್ನು ಕಂಡು, ಅಂದಿಗೆ ಅಣ್ಣ ತೀರಿದ ಎಂದು ತನ್ನೊಳಗೆ ತೀರ್ಮಾನಿಸಿದನೇ? ಇಲ್ಲವೆ, ಸುಳ್ಳು ಸುದ್ದಿಗೆ ಹಿಡಿದ ಸೂತಕವನ್ನು ನಡುವೆ ಬಿಡಲು ನಾಚಿದನೇ? ಒಂದೊಂದಕ್ಕೂ ಪುರಾವೆ ಇದೆ, ಯಾವುದಕ್ಕೂ ಸಾಲದು.

ಪೇಂಟರ್ ನಂತರ ತಾನಾಗಿ ಬಂದು ಚಿತ್ರ ತಿದ್ದಿದ. ಹಾರದ ಮೇಲೆ ಅಡ್ಡವಾಗಿ ಬಿಳಿಯ ಶಾಲು ಹೊದಿಸಿದ. ಸತ್ಕಾರದ ಶಾಲು ಎಂದು ಅವನ ವಿವರಣೆ. ದೂರದಿಂದ ನೋಡಿದರೆ ಮೊದಲಿಗಿಂತಲೂ ಅನುಮಾನಕ್ಕೆ ಎಡೆಯಾಗಿತ್ತು. ಹುಡುಗರು ಮಾತ್ರ ಆ ಕೈಯನ್ನು ನೋಡಿ ಬಲಕ್ಕೆ ತಿರುಗುತ್ತಲೇ ಇದ್ದರು. ಕೆಲವರು ವೇಗದಲ್ಲಿಯೇ ಆ ಅಂಗೈಗೆ ತಮ್ಮ ಅಂಗೈ ತಟ್ಟಿ ಮುಂದೆ ಸಾಗುತ್ತಿದ್ದರು. ಅದು ಸಲಿಗೆಯೋ ಪ್ರೀತಿಯೋ ನಾನು ಕೇಳಲಿಲ್ಲ. ಮುಂದೆ ಆ ಜಾಗವನ್ನು ಯಾರೋ ಕೊಂಡು ಗೋಡೆ ಕೆಡವಿ ಕಲ್ಯಾಣ ಮಂಟಪ ಕಟ್ಟಿದರು.

ಅದಾದ ಮೇಲೆ ಮೂಡಲಗಿಯಲ್ಲಿ ಸಂಬಂಧಿಕರೊಬ್ಬರ ಮದುವೆಯ ಪಂಕ್ತಿಯಲ್ಲಿ ತಮ್ಮ ನನ್ನ ಎದುರಿನ ಸಾಲಿನಲ್ಲಿ ಬಂದು ಕುಳಿತ. ತಲೆ ಎತ್ತದೆ, ಎಲೆಯ ಮೇಲಿನ ಉಪ್ಪನ್ನು ಬೆರಳಿನಿಂದ ಸರಿಸುತ್ತ, "ಆರಾಮ ಅದೀಯೇನಣ್ಣಾ?" ಎಂದ. "ಆರಾಮ" ಎಂದೆ. ನೀರು ಹಾಕುವವರು ನಮ್ಮ ನಡುವೆ ಬಂದರು. ಅವರು ಸರಿದಾಗ ಅವನು ಪಕ್ಕದವರೊಡನೆ ಕಬ್ಬಿನ ಮಾತಿಗೆ ತೊಡಗಿದ್ದ. ನಾನು ಕೇಳಬೇಕೆಂದು ಬಾಯಿ ತೆರೆದೆ. ಅಷ್ಟು ಜನರ ನಡುವೆ ಅದು ಕೇಳುವ ಮಾತಾಗಿರಲಿಲ್ಲ.

ಆದ್ದರಿಂದ ಇಲ್ಲಿ ಕೇಳುತ್ತಿದ್ದೇನೆ. ಹುಡುಗರು ನನ್ನ ಕೈಯನ್ನು ಬರೆದರು. ಯಾಕೆ ಬರೆದೆವೆಂದು ಹೇಳಿದರು. ಪೇಂಟರ್ ಹಾರ ಬರೆದ. ತಪ್ಪೋ ಸರಿಯೋ, ಅವನೂ ತನ್ನ ಕಾರಣ ಕೊಟ್ಟ. ಏನನ್ನೂ ಹೇಳದೆ ಉಳಿದವನು ನೀನೊಬ್ಬನೇ. ತಮ್ಮಾ, ಆ ಬೆಳಿಗ್ಗೆ ಗೋಡೆಗೆ ಬೆನ್ನು ಮಾಡಿ ರಸ್ತೆಯ ಅಂಚಿಗೆ ಬಂದು ನಿಂತೆಯಲ್ಲ, ಎದುರಿನ ಕಟ್ಟೆಯ ಮೇಲೆ ಕುಳಿತಿದ್ದ ನನ್ನನ್ನು ನೀನು ನೋಡಿದೆಯೋ, ಇಲ್ಲವೋ?